ಕುರಿ ಹಿಂಡು ಹೊಲಕ್ಕೆ ಇಳಿಯುವ ಮೊದಲು ಒಪ್ಪಂದ ಹೀಗೆ ಮಾಡಿಕೊಳ್ಳಿ

ಭತ್ತದ ಕಟಾವು ಮುಗಿಯುತ್ತಿದ್ದ ಹಾಗೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಕುರಿ ಹಿಂಡುಗಳು ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಗಂಗಾವತಿ, ಕಾರಟಗಿ, ಸಿಂಧನೂರಿನತ್ತ ಬರುತ್ತವೆ. ರಾತ್ರಿ ಕುರಿಗಳನ್ನು ಹೊಲದಲ್ಲೇ ಬಲೆಯೊಳಗೆ ಕೂಡಿಹಾಕುತ್ತಾರೆ, ಇದಕ್ಕೆ ತರುಬುವುದು ಅನ್ನುತ್ತಾರೆ. ಹೊಲದವನಿಗೆ ಹಿಕ್ಕೆ ಗೊಬ್ಬರ ಬೇಕು, ಕುರಿಗಾರನಿಗೆ ಮೇವು, ನೀರು ಬೇಕು. ಇಬ್ಬರಿಗೂ ಲಾಭವೇ. ಆದರೂ ಪ್ರತಿ ವರ್ಷ ಜಗಳ ತಪ್ಪುವುದಿಲ್ಲ. ಯಾಕಂದ್ರೆ ಮಾತುಕತೆ ಚಾ ಅಂಗಡಿಯ ಮುಂದೆ ಇಬ್ಬರ ನಡುವೆ ಮುಗಿದಿರುತ್ತದೆ. ಬಡಿಗೆ ಹಿಡಿದು ಬರುವವನು ಮಾತ್ರ ಮೂರನೆಯವನು, ಪಕ್ಕದ ಹೊಲದವನು. ಅವನನ್ನು ಯಾರೂ ಕೇಳಿರುವುದಿಲ್ಲ.

ನಾನೂ ಒಂದು ಸಲ ಹೀಗೇ ಎಡವಿದ್ದೇನೆ. ಹಾಳೆಯ ಮೇಲೆ ಚೆಂದಗೆ ಬರೆದು, ಹೊಲದ ಮಾಲೀಕನದೂ ಕುರಿಗಾರನದೂ ಸಹಿ ಹಾಕಿಸಿ, ಮನೆಗೆ ಹೋಗಿ ಮಲಗಿದೆ. ಬದುವಿನ ಆಚೆ ಹೊಲವನ್ನು ಲಾವಣಿ (ಗುತ್ತಿಗೆ) ಹಿಡಿದವನೊಬ್ಬ ಎರಡನೇ ಬೆಳೆಗೆ ಸಸಿಮಡಿ ಹಾಕಿದ್ದ. ರಾತ್ರಿ ನಾಯಿ ಬೊಗಳಿದ್ದಕ್ಕೆ ಬೆದರಿದ ಕುರಿಗಳು ಬಲೆ ಹರಿದುಕೊಂಡು ಅಲ್ಲಿಗೇ ನುಗ್ಗಿದವು. ಬೆಳಗಾಗುವಷ್ಟರಲ್ಲಿ ನಾಲ್ಕು ಎಕರೆಗೆ ಆಗುವ ಸಸಿ ಖಾಲಿ. 'ಗೌಡ್ರ, ಇಲ್ಲಿ ತರುಬು ಅಂದ್ರಿ, ತರುಬಿದೆ. ಬದುವಿನ ಆಚೆ ಏನೈತಿ ಅಂತ ನನಗೇನ್ ಗೊತ್ತ್ರಿ?' ಅಂದ ಕುರಿಗಾರ. ಅವನ ಮಾತು ಸರಿ ಇತ್ತು.

ಹೆಜ್ಜೆ 1: ಯಾರ್ಯಾರು ಕೂಡಬೇಕು

ಹಿಂಡಿನ ಯಜಮಾನ, ಹೊಲದವನು, ಊರ ದೈವದ (ಊರ ಸಭೆಯ) ಇಬ್ಬರು ಹಿರಿಯರು, ಸುತ್ತಲಿನ ನಾಲ್ಕೂ ಹೊಲ ಮಾಡುವವರು. 'ಮಾಡುವವರು' ಅಂದೆ, ಮಾಲೀಕರು ಅನ್ನಲಿಲ್ಲ. ಪಹಣಿಯಲ್ಲಿ ಹೆಸರಿದ್ದವರು ಬೆಂಗಳೂರಿನಲ್ಲಿರಬಹುದು, ಬೆಳೆ ಮಾತ್ರ ಲಾವಣಿಯವನದು.

ಇಷ್ಟೆಲ್ಲ ಯಾಕೆ, ಗಾಯರಾಣದಾಗ (ಗೋಮಾಳದಲ್ಲಿ) ನಿಲ್ಲಿಸಿದರೆ ಆಯ್ತು ಅನ್ನುವವರಿದ್ದಾರೆ. ಊರಿನ 100 ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ಕಂದಾಯ ನಿಯಮವೇನೋ ಇದೆ. ನಿಮ್ಮೂರಲ್ಲಿ ಅಷ್ಟು ಉಳಿದಿದೆಯಾ ನೋಡಿ. ಉಳಿದಿದ್ದರೂ ಅದು ಊರ ದನಗಳಿಗೆ ಮೀಸಲು. ಪಂಚಾಯ್ತಿಯನ್ನು ಕೇಳದೆ ಅಲ್ಲಿ ಕುರಿ ತರುಬುವ ಹಟ್ಟಿ ಹಾಕಿಸಬೇಡಿ.

ಹೆಜ್ಜೆ 2: ನಡೆದು ನೋಡುವುದು

ಕೆಡುವುದೆಲ್ಲ ಇಲ್ಲೇ, ಅದಕ್ಕೇ ಅವಸರ ಮಾಡಬೇಡಿ. ಸಂಜೆ ನಾಲ್ಕರ ಮೇಲೆ ಹೊರಡಿ. ಯಜಮಾನನ ಜತೆ ಕುರಿ ಹಿಂದೆ ಓಡಾಡುವ ಹುಡುಗ ಇರಲೇಬೇಕು. ದಾರಿ ಗೊತ್ತಿರಬೇಕಾದ್ದು ಅವನಿಗೆ. ಹಿಂಡು ಡಾಂಬರು ರಸ್ತೆ ಬಿಟ್ಟು ಎಲ್ಲಿ ಇಳಿಯುತ್ತದೋ ಅಲ್ಲಿಂದ ಶುರು ಮಾಡಿ ಹಟ್ಟಿ ಬೀಳುವ ಜಾಗದ ತನಕ ನಡೆಯಿರಿ. ಬೈಕ್ ಮೇಲೆ ಹೋಗಿ ಕೈ ತೋರಿಸಿ ಬಂದರೆ ಅದು ನೋಡಿದ ಹಾಗಲ್ಲ.

ಮೊದಲು ಸಣ್ಣ ಸೇತುವೆ. ಕಾಲುವೆ ದಾಟುವಲ್ಲಿ ಹಿಂಡು ಒತ್ತೊತ್ತಾಗುತ್ತದೆ. ಮುಂದಿನ ಕುರಿ ನಿಂತರೆ ಹಿಂದಿನವು ಪಕ್ಕದ ಹೊಲಕ್ಕೆ ಹಾರುತ್ತವೆ. ಸೇತುವೆಯ ಎರಡೂ ಬದಿಯ ಹೊಲದಲ್ಲಿ ಏನಿದೆ ನೋಡಿ. ಅಲ್ಲಿ ದಾಟುವಾಗ ಇಬ್ಬರು ಆಳು ನಿಲ್ಲಬೇಕು ಅಂತ ಅಲ್ಲೇ ಮಾತಾಡಿಕೊಳ್ಳಿ.

ಆಮೇಲೆ ನೀರು. ಕಾಂಕ್ರೀಟ್ ಹಾಕಿದ ಕಾಲುವೆಯ ಇಳಿಜಾರಿನಲ್ಲಿ ಕುರಿ ಜಾರಿ ಬಿದ್ದರೆ ಮೇಲೆ ಬರುವುದು ಕಷ್ಟ. ಮೆಟ್ಟಿಲಿರುವ ಜಾಗವನ್ನು ಹುಡುಗನಿಗೆ ತೋರಿಸಿ.

ಇನ್ನು ಹೊಲದವರೇ ಬಾಯಿಬಿಟ್ಟು ಹೇಳಬೇಕಾದ ಎರಡು ಸಂಗತಿ. ಹತ್ತಿಗೆ ಕೊನೆಯ ಸಲ ಎಣ್ಣೆ (ಕೀಟನಾಶಕ) ಹೊಡೆದದ್ದು ಯಾವಾಗ, ಯಾವ ಎಣ್ಣೆ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಮತ್ತೆ ಚಿಗುರಿದೆಯಾ. ಆ ಎಳೆ ಚಿಗುರು ಕುರಿಯ ಹೊಟ್ಟೆಯಲ್ಲಿ ಸಯನೈಡ್ ವಿಷ ಆಗುತ್ತದೆ. ಎಷ್ಟೋ ಸಲ ಡಾಕ್ಟರ್ ಬರುವಷ್ಟರಲ್ಲಿ ಕುರಿ ಸತ್ತಿರುತ್ತದೆ. ಕುರಿಗಾರರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೆ ಕತ್ತಲಲ್ಲಿ ಬಂದಿಳಿದವರಿಗೆ ಯಾವ ಹೊಲದಲ್ಲಿ ಏನಿದೆ ಅಂತ ಕಾಣುವುದಿಲ್ಲ.

ಸಸಿಮಡಿ, ಬಣವೆ, ಮೆಣಸಿನಕಾಯಿ ಒಣಹಾಕಿದ ಕಣ ಇವುಗಳ ಸುತ್ತ ಗುರುತು ಹಾಕಿ. ಕೋಲು ನೆಟ್ಟು ಹಳೇ ಸೀರೆ ತುಂಡು ಕಟ್ಟಿದರೆ ಸಾಕು. ಸುಣ್ಣದ ಪುಡಿ ಬೇಡ, ಎರಡು ದಿನದ ಇಬ್ಬನಿಗೆ ಅಳಿಸಿ ಹೋಗುತ್ತದೆ. ಮೊಬೈಲ್ ನಕ್ಷೆಯಲ್ಲಿ ಚುಕ್ಕಿ ಇಟ್ಟುಕೊಳ್ಳುವ ಹೊಸ ಚಾಳಿಯೂ ಬಂದಿದೆ. ನಡುರಾತ್ರಿ ಕುರಿ ಹಿಂದೆ ಓಡುವ ಹುಡುಗ ಮೊಬೈಲ್ ತೆಗೆದು ನೋಡ್ತಾನಾ?

ಹಟ್ಟಿಯ ಜಾಗವನ್ನು ನೆರೆಯವನ ಬದುವಿಗೆ ತಾಗಿಸಬೇಡಿ. ನಡುವೆ 20 ಹೆಜ್ಜೆಯಾದರೂ ಬಿಡಿ, ಸಸಿಮಡಿ ಇದ್ದರೆ ಅದರ ಎರಡು ಪಟ್ಟು. ಗೊಬ್ಬರ ಹೊಲದ ಅಂಚಿಗೆ ಸಿಗಲ್ಲ ಅಂತ ಹೊಲದವನು ಗೊಣಗುತ್ತಾನೆ. ಗೊಣಗಲಿ.

ಹೆಜ್ಜೆ 3: ದಿನ

'ಡಿಸೆಂಬರ್ 15ಕ್ಕೆ ಬನ್ನಿ' ಅಂತ ಬರೆಯಬೇಡಿ. ಕಟಾವಿನ ಮಿಷನ್ ಯಾವತ್ತು ಹೇಳಿದ ದಿನ ಬಂದಿದೆ? 'ಸುತ್ತಲಿನ ನಾಲ್ಕೂ ಹೊಲದ ಕಟಾವು ಮುಗಿದು, ಹುಲ್ಲು ಎತ್ತಿದ ಮೇಲೆ' ಅಂತ ಬರೆಯಿರಿ. ಕುರಿಗಾರನಿಗೆ ಎರಡು ದಿನ ಮೊದಲು ಫೋನ್ ಮಾಡುವವರು ಯಾರು ಅಂತ ಹೆಸರೂ ಬರೆಯಿರಿ. ಅಲ್ಲಿವರೆಗೆ ಹಿಂಡು ಎಲ್ಲಿರುತ್ತದೆ ಅನ್ನುವುದೂ ಆಗಲೇ ತೀರ್ಮಾನವಾಗಲಿ, ಇಲ್ಲದಿದ್ದರೆ ಬಂದ ಹಿಂಡು ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ.

ಹೆಜ್ಜೆ 4: ರೊಕ್ಕ

ರಾತ್ರಿಗೆ ಎಷ್ಟು, ದುಡ್ಡೋ ಕಾಳೋ, ಎಷ್ಟು ರಾತ್ರಿ. ಇದರಲ್ಲಿ ಇಬ್ಬರೂ ಪಳಗಿದವರು, ನಾನು ಹೇಳಬೇಕಾಗಿಲ್ಲ.

ಹೆಜ್ಜೆ 5: ಬೆಳೆ ಹಾಳಾದರೆ

ಹಾಳಾದ ಮೇಲೆ ಲೆಕ್ಕ ಹಾಕುವ ರೀತಿಯನ್ನು ಹಾಳಾಗುವ ಮೊದಲೇ ಗೊತ್ತು ಮಾಡಬೇಕು. ಊರವರಲ್ಲಿ ಒಬ್ಬ, ಕುರಿಗಾರರಲ್ಲಿ ಒಬ್ಬ, ಹೀಗೆ ಇಬ್ಬರು ಪಂಚರು ಅದೇ ದಿನ ಬೆಳಿಗ್ಗೆ ಹೋಗಿ ನೋಡಬೇಕು. ಮೂರು ದಿನ ಬಿಟ್ಟು ಹೋದರೆ ದನ ತಿಂದದ್ದೂ ಕುರಿಯ ಲೆಕ್ಕಕ್ಕೇ ಬೀಳುತ್ತದೆ. ಹೆಜ್ಜೆಗುರುತು ಎಲ್ಲಿಯವರೆಗೆ ಇದೆಯೋ ಅಷ್ಟು ಜಾಗ ಅಳೆಯಿರಿ. ಸಸಿಮಡಿಗೆ ದುಡ್ಡಿಗಿಂತ ಸಸಿಯನ್ನೇ ಕೊಡಿಸುವುದು ಒಳ್ಳೆಯದು. ಆ ಹೊತ್ತಿಗೆ ರೈತನಿಗೆ ಬೇಕಾದದ್ದು ಅದೇ.

ಮರಿ ಹಿಡಿದು ಮನೆಯಲ್ಲಿ ಕಟ್ಟಿಕೊಳ್ಳುವುದು, ಕುರಿಗಾರನ ಮೇಲೆ ಕೈ ಮಾಡುವುದು ನಡೆಯುವುದಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಬೆಳೆಗೆ ನುಗ್ಗಿದ ಜಾನುವಾರನ್ನು ಹಿಡಿದರೆ, ಹಿಡಿದ ದನ ಕೂಡಿಹಾಕುವ ದೊಡ್ಡಿಗೆ ಹೊಡೆಯಬೇಕು ಅನ್ನುತ್ತದೆ ದನಗಳ ಅತಿಕ್ರಮ ಪ್ರವೇಶದ ಕಾಯ್ದೆ. ವಲಸೆ ಕುರಿಗಾರರ ಮೇಲಿನ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಮಸೂದೆಯನ್ನೇ ತಂದಿತು. ಮಾತು ಅಲ್ಲಿವರೆಗೆ ಹೋಗಿದೆ ಅಂದ್ರೆ ನೋಡಿ.

ಹೆಜ್ಜೆ 6: ಕಾಗದ

ಒಂದೇ ಹಾಳೆ, ಎರಡು ಪ್ರತಿ. ಛಾಪಾ ಕಾಗದದ ಮೇಲೆ ಟೈಪ್ ಮಾಡಿಸುವ ರೆಡಿಮೇಡ್ ಕರಾರುಪತ್ರ ಸುಮ್ನೆ ದಂಡ. ಒಮ್ಮೆ ಓದಿದೆ, ಮನೆ ಬಾಡಿಗೆಯ ಕರಾರಿನಲ್ಲಿ 'ಮನೆ' ಇದ್ದ ಕಡೆ 'ಹೊಲ' ಅಂತ ತಿದ್ದಿದ್ದರು. ಕೈಯಲ್ಲಿ ಬರೆಯಿರಿ. ಬರೆದದ್ದನ್ನು ಗುಡಿ ಕಟ್ಟೆಯ ಮೇಲೆ ಎಲ್ಲರೆದುರು ಗಟ್ಟಿಯಾಗಿ ಓದಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ಕಿವಿಯಿಂದಾದರೂ ಕೇಳಿರಲಿ.

ಹೆಜ್ಜೆ 7: ತರುಬುವುದು, ಎತ್ತುವುದು

ಸಂತೆಯಲ್ಲಿ ಸಿಗುವ ತೆಳು ನೀಲಿ ಬಲೆಯನ್ನು ನಂಬಬೇಡಿ. ನನ್ನ ಸಸಿಮಡಿ ಕಥೆಯಲ್ಲಿ ಹರಿದದ್ದು ಅದೇ. ದಪ್ಪ ನೂಲಿನ ಬಲೆಗೆ ದುಡ್ಡು ಜಾಸ್ತಿ, ನಿಜ. ಹಟ್ಟಿ ಎತ್ತಿದ ಮೇಲೆ ಹೊಲದವನು ಒಂದೆರಡು ದಿನದಲ್ಲೇ ನೇಗಿಲು ಹೊಡೆಯಬೇಕು, ಬಿಸಿಲಿಗೆ ಬಿಟ್ಟರೆ ಗೊಬ್ಬರದ ಸತ್ವ ಗಾಳಿಗೆ ಹೋಗುತ್ತದೆ. ಅದಕ್ಕೂ ಮೊದಲು ಕುರಿಗಾರನ ಜತೆ ನಿಂತು ಬಲೆಯ ಗೂಟ ಎಣಿಸಿಕೊಳ್ಳಿ. ಮಣ್ಣಲ್ಲಿ ಒಂದು ಉಳಿದರೂ ಟ್ರ್ಯಾಕ್ಟರ್ ಟೈರಿಗೆ ಕಾದಿರುತ್ತದೆ.