ಮೆಡಿಕಲ್ ಚೆಕಪ್‌ಗೆ ಹೊರಟಿದ್ದೀರಾ? ಹಳೆಯ ಫೈಲ್ ಮನೆಯಲ್ಲೇ ಇರಲಿ

ಹನ್ನೊಂದು ವರ್ಷ ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೆ. ಹೊಸದಾಗಿ ಸೇರುವವರ ಮೆಡಿಕಲ್ ಕಾಗದಗಳು ನನ್ನ ಮೇಜಿಗೇ ಬರುತ್ತಿದ್ದವು. ಫಿಟ್‌ನೆಸ್ ಸರ್ಟಿಫಿಕೇಟ್ ಒಂದೇ ಸಾಕು ಅಂದರೂ ಕೆಲವರು ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಕೌನ್ಸೆಲರ್ ಕೊಟ್ಟ ಪತ್ರ ಎಲ್ಲಕ್ಕೂ ಪಿನ್ ಹೊಡೆದು ಕೊಡುತ್ತಿದ್ದರು. ಒಬ್ಬ ಹುಡುಗಿ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ವಿಷಯ, ಅವಳು ಸೇರುವ ಮೊದಲೇ ಅವಳ ಟೀಮ್ ಲೀಡ್ ಕಿವಿಗೆ ಬಿದ್ದಿತ್ತು. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ. ಅದು ಇವತ್ತಿಗೂ ಮನಸ್ಸನ್ನು ಚುಚ್ಚುತ್ತದೆ.

ಹೊಸ ಕೆಲಸಕ್ಕೆ ಸೇರುವ ಮುಂಚಿನ ಚೆಕಪ್‌ನಲ್ಲಿ ನಿಮಗೂ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮೊದಲು, ಯಾವ ಯಾವ ಪರೀಕ್ಷೆ ಮಾಡುತ್ತಾರೆ, ರಿಪೋರ್ಟ್ ಯಾರ ಕೈಗೆ ಹೋಗುತ್ತದೆ ಎಂದು ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಫೋನ್‌ನಲ್ಲಿ ಕೇಳಬೇಡಿ, ಬರಹದಲ್ಲೇ ಉತ್ತರ ಬರಲಿ. ಕಂಪನಿಗೆ ಬೇಕಾಗಿರುವುದು ‘ಫಿಟ್’ ಅಥವಾ ‘ಅನ್‌ಫಿಟ್’ ಎನ್ನುವ ಒಂದು ಸಾಲು ಮಾತ್ರ.

ಆಮೇಲೆ ಫಾರ್ಮ್. ಎಲ್ಲರೂ ಎಡವುವುದು ಇಲ್ಲೇ. ಲ್ಯಾಬ್‌ನಲ್ಲಿ ಕೊಡುವ ಕಾಗದಗಳಲ್ಲಿ ಎರಡು ಭಾಗ ಇರುತ್ತದೆ: ಪ್ರಶ್ನೆಗಳು ಮತ್ತು ಒಪ್ಪಿಗೆ. ಹಿಂದೆ ಕ್ಯೂ ಇದೆ ಅಂತ ಸುಮ್ನೆ ಸಹಿ ಹಾಕಬೇಡಿ. ‘ನನ್ನ ಎಲ್ಲ ವೈದ್ಯಕೀಯ ದಾಖಲೆಗಳನ್ನು ಕಂಪನಿಗೆ ಕೊಡಲು ಒಪ್ಪುತ್ತೇನೆ’ ಎಂಬರ್ಥದ ಸಾಲು ಇದ್ದರೆ ಅದನ್ನು ಹೊಡೆದುಹಾಕಿ. ‘ಇಂದಿನ ಪರೀಕ್ಷೆಯ ಫಲಿತಾಂಶ ಮಾತ್ರ’ ಎಂದು ಬರೆದು, ಪಕ್ಕದಲ್ಲೇ ಸಹಿ ಮಾಡಿ. ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ದೇಹ ಮತ್ತು ಮನಸ್ಸಿನ ಆರೋಗ್ಯದ ವಿವರ ಸೂಕ್ಷ್ಮ ಮಾಹಿತಿ, ಅದನ್ನು ಪಡೆಯಲು ಲಿಖಿತ ಒಪ್ಪಿಗೆ ಬೇಕು ಎಂದು 2011ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳೇ ಹೇಳಿವೆ.

‘ಹಿಂದೆ ಮಾನಸಿಕ ಕಾಯಿಲೆ ಇತ್ತೇ?’ ಎಂಬ ಪ್ರಶ್ನೆಗೆ ಸುಳ್ಳು ಬರೆಯಬೇಡಿ. ಹಾಗಂತ ಇಡೀ ಕಥೆಯನ್ನೂ ಬರೆಯಬೇಡಿ. ಖಾಸಗಿ ಕಂಪನಿಯಾದರೆ ನಾನು ಹೇಳಿಕೊಡುವ ಉತ್ತರ ಇದು: ‘ಈ ಕೆಲಸಕ್ಕೆ ಅಡ್ಡಿಯಾಗುವ ತೊಂದರೆ ಸದ್ಯ ಇಲ್ಲ. ಹೆಚ್ಚಿನ ವಿವರ ಬೇಕಿದ್ದರೆ ಪರೀಕ್ಷೆ ಮಾಡುವ ವೈದ್ಯರಿಗೆ ಹೇಳುತ್ತೇನೆ.’ ಅದು ನಿಜವಾಗಿದ್ದರೆ ಮಾತ್ರ ಬರೆಯಿರಿ.

ಕೇಂದ್ರ ಸರ್ಕಾರದ ಹುದ್ದೆಯಾದರೆ ಈ ಉಪಾಯ ನಡೆಯದು. ಅಲ್ಲಿನ ಘೋಷಣೆಯಲ್ಲಿ ಅತಿಯಾದ ಕೆಲಸದಿಂದ ನರದೌರ್ಬಲ್ಯ ಬಂದಿತ್ತೇ, ಹತ್ತಿರದ ಸಂಬಂಧಿಕರಿಗೆ ಅಪಸ್ಮಾರ, ಬುದ್ಧಿಭ್ರಮಣೆ ಇತ್ತೇ ಎಂದೆಲ್ಲ ಕೇಳುತ್ತಾರೆ. ಬೇಕೆಂದೇ ಮುಚ್ಚಿಟ್ಟರೆ ಕೆಲಸ ಹೋಗಬಹುದು ಎಂಬ ಎಚ್ಚರಿಕೆಯೂ ಅದೇ ಫಾರ್ಮ್‌ನಲ್ಲಿದೆ. ಇದ್ದುದನ್ನು ಇದ್ದ ಹಾಗೆ ಬರೆಯಿರಿ. ಪೈಲಟ್, ರೈಲು ಚಾಲಕರಂಥ ಕೆಲಸಗಳಿಗೂ ಇದೇ ಮಾತು, ಅಲ್ಲಿ ಬೇರೆಯವರ ಜೀವ ನಿಮ್ಮ ಕೈಯಲ್ಲಿರುತ್ತದೆ.

ಫಾರ್ಮ್ ಏನು ಕೇಳಿದರೂ ಸರಿ ಎಂದೇನಿಲ್ಲ. ಎಲ್‌ಐಸಿ ಒಂದು ಕಾಲದಲ್ಲಿ ಮಹಿಳಾ ಅಭ್ಯರ್ಥಿಗಳ ಮುಟ್ಟು, ಗರ್ಭದ ವಿವರಗಳನ್ನೂ ಕೇಳುತ್ತಿತ್ತು. ಗರ್ಭಿಣಿ ಎಂಬುದನ್ನು ಬರೆಯದ ಒಬ್ಬ ಉದ್ಯೋಗಿಯನ್ನು ತೆಗೆದೂ ಹಾಕಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿತು. ಅಂಥ ಕಾಲಂಗಳನ್ನು ತೆಗೆಯುವುದು ಒಳ್ಳೆಯದು ಎಂದೂ ಹೇಳಿತು.

ಈಗ ಮಾತ್ರೆಯ ವಿಷಯ. ರಕ್ತದಲ್ಲಿ ಸಿಕ್ಕಿಬೀಳುತ್ತೇವೆ ಅಂತ ಚೆಕಪ್‌ಗೆ ಎರಡು ದಿನ ಮುಂಚೆ ಮಾತ್ರೆ ನಿಲ್ಲಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. ಆತಂಕಕ್ಕೆ ಕೊಡುವ ಕ್ಲೋನಾಜೆಪಾಮ್‌ನಂಥ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುತ್ತಿದ್ದು ದಿಢೀರ್ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಸಾಮಾನ್ಯ ರಕ್ತ ಪರೀಕ್ಷೆ ನೋಡುವುದು ಸಕ್ಕರೆ, ಹಿಮೋಗ್ಲೋಬಿನ್ ಇಂಥವನ್ನು. ಮೂತ್ರದಲ್ಲಿ ಡ್ರಗ್ ಟೆಸ್ಟ್ ಮಾಡುವ ಕಂಪನಿಗಳಲ್ಲಿ ಮಾತ್ರ ಈ ಗುಂಪಿನ ಮಾತ್ರೆಗಳು ಕಾಣಿಸಬಹುದು. ಅಲ್ಲಿಗೆ ಚೀಟಿ ತೆಗೆದುಕೊಂಡು ಹೋಗಿ, ಲ್ಯಾಬ್‌ನ ವೈದ್ಯರಿಗೆ ಮಾತ್ರ ತೋರಿಸಿ, ವಾಪಸ್ ತನ್ನಿ. ಕೌಂಟರ್‌ನಲ್ಲಿ ಜೆರಾಕ್ಸ್ ಕೇಳಿದರೆ ಕೊಡಬೇಡಿ.

ಚೆಕಪ್ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ, ಅಷ್ಟೇ.

ವೈದ್ಯರ ಪತ್ರ ಬೇಕು ಅಂದರೆ ಅದರಲ್ಲಿ ಕಾಯಿಲೆಯ ಹೆಸರಾಗಲಿ ಮಾತ್ರೆಯ ಹೆಸರಾಗಲಿ ಇರಬಾರದು. ‘ಈ ಹುದ್ದೆಯ ಕೆಲಸ ಮಾಡಲು ಫಿಟ್’ ಎಂದಿದ್ದರೆ ಸಾಕು. ಜಾಸ್ತಿ ಜನ ಮರೆಯುವುದು ಲೆಟರ್‌ಹೆಡ್ ಅನ್ನು. ಮೇಲೆ ‘ಮನೋರೋಗ ತಜ್ಞರು’ ಎಂದು ಅಚ್ಚಾಗಿದ್ದರೆ ಒಳಗೆ ಏನು ಬರೆಯದಿದ್ದರೂ ಗುಟ್ಟು ರಟ್ಟಾದಂತೆಯೇ ಅಲ್ವಾ? ನಿಮ್ಮನ್ನು ಬಲ್ಲ ಫ್ಯಾಮಿಲಿ ಡಾಕ್ಟರ್ ಹತ್ತಿರ ಬರೆಸಿ. ಮುಖ ನೋಡದೆ ಆನ್‌ಲೈನ್‌ನಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಮಾರುವವರ ಹತ್ತಿರ ಮಾತ್ರ ಹೋಗಬೇಡಿ. ಇನ್ನೊಂದು, ಕೌನ್ಸೆಲಿಂಗ್ ಆ್ಯಪ್‌ಗೆ ಆಫೀಸ್ ಮೇಲ್ ಐಡಿಯಿಂದ ಲಾಗಿನ್ ಆಗಬೇಡಿ.

ಇಷ್ಟಾದರೂ ವಿಷಯ ಹೊರಗೆ ಬಂದರೆ? ಎಲ್ಲಿಂದ ಬಂತು ನೋಡಿ. ಮಾನಸಿಕ ಆರೋಗ್ಯದ 2017ರ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಕೊಟ್ಟವರು ವಿವರವನ್ನು ಗುಟ್ಟಾಗಿಡಲೇಬೇಕು. ಕೋರ್ಟ್ ಆದೇಶ, ಜೀವಕ್ಕೆ ಅಪಾಯ ಇಂಥ ಕೆಲವೇ ವಿನಾಯಿತಿಗಳಿವೆ. ‘ಕಂಪನಿಯವರು ಫೋನ್ ಮಾಡಿ ಕೇಳಿದರು’ ಎನ್ನುವುದು ಅದರಲ್ಲಿಲ್ಲ. ಕಂಪ್ಯೂಟರ್‌ನಲ್ಲಿರುವ ದಾಖಲೆಗೂ ಇದೇ ನಿಯಮ. ಆಸ್ಪತ್ರೆಯಿಂದ ಸೋರಿದ್ದರೆ ಮೊದಲು ಅಲ್ಲಿನ ಮುಖ್ಯಸ್ಥರಿಗೆ ದೂರು ಕೊಡಿ. ಅಲ್ಲಿ ಕೆಲಸ ಆಗದಿದ್ದರೆ ಇದೇ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಹೋಗಬಹುದು.

ಕಂಪನಿಯಿಂದಲೇ ಸೋರಿದ್ದರೆ ಎಚ್‌ಆರ್ ಮುಖ್ಯಸ್ಥರಿಗೆ ಮೇಲ್ ಹಾಕಿ. ನನ್ನ ಕಾಗದ ಯಾರ ಯಾರ ಹತ್ತಿರ ಇದೆ, ಉಳಿದ ಪ್ರತಿಗಳನ್ನು ಯಾವಾಗ ಅಳಿಸುತ್ತೀರಿ ಎಂದು ಕೇಳಿ. ಆ ಮೇಲ್‌ನ ಒಂದು ಪ್ರತಿಯನ್ನು ನಿಮ್ಮ ಸ್ವಂತ ಜಿಮೇಲ್‌ಗೂ ಕಳಿಸಿಕೊಳ್ಳಿ. ಆಫೀಸ್ ಮೇಲ್ ಕೆಲಸ ಬಿಟ್ಟ ದಿನವೇ ಬಂದ್ ಆಗಿಬಿಡುತ್ತದೆ.