ವಿದೇಶದಲ್ಲಿ ಎಂಸಿಸಿ ಕೋರ್ಸ್: ದುಡ್ಡು ಕಟ್ಟುವ ಮುನ್ನ ಏನೇನು ನೋಡಬೇಕು?

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದಿದೆ. ಒಂದಕ್ಕಿಂತ ಹೆಚ್ಚು ಎಂಜಿನ್ನಿನ ವಿಮಾನವನ್ನು ಉಪಕರಣ ನೋಡಿಯೇ ಹಾರಿಸುವ ಮಲ್ಟಿ ಎಂಜಿನ್ ಇನ್‌ಸ್ಟ್ರುಮೆಂಟ್ ರೇಟಿಂಗ್ ಕೂಡ ಮುಗಿದಿದೆ. ಆದರೂ ಏರ್‌ಲೈನ್ ಕಾಕ್‌ಪಿಟ್ ಇನ್ನೂ ದೂರವೇ ಇದೆ. ಇಲ್ಲಿಯ ತನಕ ನೀವು ಕಲಿತಿದ್ದು ಒಬ್ಬರೇ ವಿಮಾನ ನಡೆಸುವುದನ್ನು. ಏರ್‌ಲೈನ್ ವಿಮಾನವನ್ನು ಇಬ್ಬರು ಸೇರಿ ನಡೆಸುತ್ತಾರೆ. ಆ ಇಬ್ಬರು ಕೆಲಸ ಹೇಗೆ ಹಂಚಿಕೊಳ್ಳಬೇಕು, ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಗೆ ಹಿಡಿಯಬೇಕು ಎಂದು ಕಲಿಸುವ ಕೋರ್ಸೇ ಮಲ್ಟಿ ಕ್ರೂ ಕೋಆಪರೇಶನ್. ಪೈಲಟ್‌ಗಳ ಬಾಯಲ್ಲಿ ಅದು ಎಂಸಿಸಿ.

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಈಯಾಸಾದ ನಿಯಮದಲ್ಲಿ ಇದು ಕಡ್ಡಾಯ. ಇಬ್ಬರು ಪೈಲಟ್ ಬೇಕಾಗುವ ವಿಮಾನದ ಮೊದಲ ಟೈಪ್ ರೇಟಿಂಗ್‌ಗೆ, ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಯ ತರಬೇತಿಗೆ, ಸೇರಬೇಕೆಂದರೆ ಏರ್‌ಲೈನ್ ಪೈಲಟ್ ಲೈಸೆನ್ಸ್‌ನ (ಎಟಿಪಿಎಲ್) ಥಿಯರಿ ಪಾಸಾಗಿರಬೇಕು, ವಿಮಾನದ ಹೊಣೆ ಹೊತ್ತ ಪೈಲಟ್ ಇನ್ ಕಮಾಂಡ್ ಆಗಿ 70 ಗಂಟೆ ಹಾರಿರಬೇಕು, ಎಂಸಿಸಿ ಸರ್ಟಿಫಿಕೇಟ್ ಇರಬೇಕು. 2019ರ ಕೊನೆಯಿಂದ ಅಡ್ವಾನ್ಸ್ಡ್ ಯುಪಿಆರ್‌ಟಿ ಎಂಬ ಇನ್ನೊಂದು ಕೋರ್ಸೂ ಸೇರಿಕೊಂಡಿದೆ. ವಿಮಾನ ಹಿಡಿತ ತಪ್ಪಿದಾಗ ಅದನ್ನು ಸರಿದಾರಿಗೆ ತರುವ ತರಬೇತಿ ಅದು. ಎಂಸಿಸಿ ಹುಡುಕುವಾಗಲೇ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡನ್ನೂ ಒಂದೇ ಕಡೆ ಮುಗಿಸಿದರೆ ಓಡಾಟ ಉಳಿಯುತ್ತದೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಎಂಸಿಸಿಗೆ ಹೊರಗಿನ ಪರೀಕ್ಷಕರು ಬಂದು ಪರೀಕ್ಷೆ ನಡೆಸುವುದಿಲ್ಲ. ತರಬೇತಿ ಕೊಡುವ ಶಾಲೆಯೇ ನಿಮ್ಮನ್ನು ಅಳೆದು ಸರ್ಟಿಫಿಕೇಟ್ ಕೊಡುತ್ತದೆ. ಹಾಗಾಗಿ ಕಾಗದ ಎಲ್ಲಾ ಕಡೆ ಒಂದೇ ಥರ ಕಂಡರೂ ಅದರ ಹಿಂದಿನ ಕಲಿಕೆಯಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ಆಯ್ಕೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿರುವುದು ಅದಕ್ಕೇ.

ಹೆಜ್ಜೆ 1: ಯಾರ ಮುದ್ರೆ ಬೇಕು ಎಂದು ತೀರ್ಮಾನಿಸಿ

ಶಾಲೆ ಹುಡುಕುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ನಿಮ್ಮ ಲೈಸೆನ್ಸ್ ಯಾವ ದೇಶದ್ದು? ಕೆಲಸ ಎಲ್ಲಿ ಹುಡುಕುತ್ತೀರಿ?

ಈಯಾಸಾ ಲೈಸೆನ್ಸ್ ಇದ್ದು ಯುರೋಪಿನಲ್ಲೇ ಕೆಲಸ ಹುಡುಕುವವರಿಗೆ ದಾರಿ ಸುಲಭ. ಈಯಾಸಾ ಮಾನ್ಯತೆ ಇರುವ ಯಾವ ದೇಶದ ಶಾಲೆಯಾದರೂ ಆಗುತ್ತದೆ. ಐರ್ಲೆಂಡ್, ಪೋಲೆಂಡ್, ಸ್ಪೇನ್, ಲಿಥುವೇನಿಯಾ, ಎಲ್ಲ ಒಂದೇ. ಯುರೋಪಿನ ಹೊರಗಿನ ಶಾಲೆಗಳಿಗೂ ಈಯಾಸಾ ನೇರವಾಗಿ ಮಾನ್ಯತೆ ಕೊಡುತ್ತದೆ. ಅಂದರೆ ಈಯಾಸಾ ಸರ್ಟಿಫಿಕೇಟ್‌ಗಾಗಿ ಯುರೋಪಿಗೇ ಹೋಗಬೇಕೆಂದಿಲ್ಲ.

ಬ್ರಿಟನ್ನಿನ ಕಥೆ ಬೇರೆ. 2020ರ ಕೊನೆಗೆ ಅದು ಈಯಾಸಾ ವ್ಯವಸ್ಥೆಯಿಂದ ಹೊರಬಂತು. ಈಗ ಅಲ್ಲಿನ ವಿಮಾನಯಾನ ಪ್ರಾಧಿಕಾರ ಸಿಎಎ ತನ್ನದೇ ಲೈಸೆನ್ಸ್, ತನ್ನದೇ ಮಾನ್ಯತೆ ಕೊಡುತ್ತದೆ. ಕೆಲವು ಶಾಲೆಗಳಿಗೆ ಎರಡೂ ಮಾನ್ಯತೆ ಇದೆ, ಕೆಲವಕ್ಕೆ ಒಂದೇ. "ನಮ್ಮಲ್ಲಿ ಎರಡೂ ಇದೆ" ಎಂಬ ಮಾತಿಗೆ ತೃಪ್ತಿಪಡಬೇಡಿ. ನನ್ನ ಸರ್ಟಿಫಿಕೇಟ್ ಮೇಲೆ ಯಾವ ಮಾನ್ಯತಾ ಸಂಖ್ಯೆ ಬರುತ್ತದೆ ಎಂದು ಇಮೇಲಿನಲ್ಲಿ ಕೇಳಿ.

ಅಮೆರಿಕದಲ್ಲಿ ಎಂಸಿಸಿ ಎಂಬ ಕೋರ್ಸೇ ನಿಯಮದಲ್ಲಿಲ್ಲ. ಅಲ್ಲಿ 2014ರಿಂದ ಏರ್‌ಲೈನ್ ಪೈಲಟ್ ಲೈಸೆನ್ಸ್‌ಗೆ ಮುನ್ನ ಮಾಡುವ ಎಟಿಪಿ ಸಿಟಿಪಿ ಎಂಬ ಕೋರ್ಸ್ ಇದೆ. 30 ಗಂಟೆ ತರಗತಿ, 10 ಗಂಟೆ ಸಿಮ್ಯುಲೇಟರ್. ಹೆಸರು ದೊಡ್ಡದು, ಕೋರ್ಸೂ ಒಳ್ಳೆಯದೇ. ಆದರೆ ಎಂಸಿಸಿ ಕೇಳುವ ಕಡೆ ಅದನ್ನು ತೋರಿಸಿದರೆ ನಡೆಯುವುದಿಲ್ಲ.

ನಿಮ್ಮ ಲೈಸೆನ್ಸ್ ಈ ಯಾವುದರದ್ದೂ ಅಲ್ಲದಿದ್ದರೆ, ವಿದೇಶದ ಎಂಸಿಸಿ ಒಪ್ಪುತ್ತೀರಾ, ಯಾವ ದಾಖಲೆ ಬೇಕು ಎಂದು ನಿಮ್ಮ ದೇಶದ ವಿಮಾನಯಾನ ಇಲಾಖೆಗೇ ಬರೆದು ಕೇಳಿ. ಉತ್ತರ ಬರೋಕೆ ತಡವಾಗಬಹುದು, ಕಾಯಿರಿ. ಶಾಲೆಯ ಮಾರ್ಕೆಟಿಂಗ್‌ನವರ ಫೋನ್ ಮಾತು ಲಿಖಿತ ಉತ್ತರಕ್ಕೆ ಸಮ ಅಲ್ಲ.

ಹೆಜ್ಜೆ 2: ಸಾಮಾನ್ಯ ಎಂಸಿಸಿಯೋ, ಎಪಿಎಸ್ ಎಂಸಿಸಿಯೋ?

ಈಯಾಸಾದಲ್ಲಿ ಎರಡು ಬಗೆ ಇದೆ. ಸಾಮಾನ್ಯ ಎಂಸಿಸಿಯಲ್ಲಿ ಕನಿಷ್ಠ 25 ಗಂಟೆ ಪಾಠ, ಕನಿಷ್ಠ 20 ಗಂಟೆ ಸಿಮ್ಯುಲೇಟರ್. ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಇಂಟಿಗ್ರೇಟೆಡ್ ಕೋರ್ಸ್ ಮಾಡುವವರಿಗೆ ಸಿಮ್ಯುಲೇಟರ್ 15 ಗಂಟೆ ಸಾಕು. ಆರು ತಿಂಗಳೊಳಗೆ ಮುಗಿಸಬೇಕು.

ಇನ್ನೊಂದು ಎಪಿಎಸ್, ಅಂದರೆ ಏರ್‌ಲೈನ್ ಪೈಲಟ್ ಸ್ಟ್ಯಾಂಡರ್ಡ್. ಹೊಸದಾಗಿ ಬರುವ ಪೈಲಟ್‌ಗಳು ಟೈಪ್ ರೇಟಿಂಗ್‌ನಲ್ಲಿ ತಡವರಿಸುತ್ತಿದ್ದಾರೆ ಎಂಬ ಏರ್‌ಲೈನ್‌ಗಳ ಚಿಂತೆಯಿಂದ ಹುಟ್ಟಿದ್ದು ಇದು. ರಯಾನ್‌ಏರ್ ಇದನ್ನು ರೂಪಿಸುವುದರಲ್ಲಿ ಕೈಜೋಡಿಸಿತ್ತು. 2017ರಲ್ಲಿ ಈಯಾಸಾ ಇದನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡಿತು. ಸಿಮ್ಯುಲೇಟರ್ ಗಂಟೆ 40ಕ್ಕೆ ಏರುತ್ತದೆ. ಜೆಟ್ ವಿಮಾನದ ವೇಗ, ತೂಕ, ಎತ್ತರಕ್ಕೆ ಕೈ ಹೊಂದಿಸುವ ಅಭ್ಯಾಸ ಇರುತ್ತದೆ. ಏರ್‌ಲೈನ್ ಹಾರಾಟದ ಹಾಗೆಯೇ ಒಂದೂರಿಂದ ಇನ್ನೊಂದೂರಿಗೆ ಹೋಗುವ ಪಾಠಗಳಿರುತ್ತವೆ. ಕೊನೆಗೆ ಒಂದು ಮೌಲ್ಯಮಾಪನವೂ ಇದೆ.

ಯಾವುದು ಒಳ್ಳೆಯದು? ದುಡ್ಡು ಹೊಂದಿಸಲು ಸಾಧ್ಯವಿದ್ದರೆ ಎಪಿಎಸ್ ಎಂದೇ ನಾನು ಹೇಳುತ್ತೇನೆ. ಸಣ್ಣ ಪಿಸ್ಟನ್ ಎಂಜಿನ್ ವಿಮಾನದಿಂದ ನೇರವಾಗಿ ಬರುವವರಿಗೆ 20 ಗಂಟೆಯಲ್ಲಿ ಅರ್ಧ ಭಾಗ ಹೊಸ ಕಾಕ್‌ಪಿಟ್ಟಿಗೆ ಹೊಂದಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ. ಇಬ್ಬರಾಗಿ ಕೆಲಸ ಮಾಡುವ ಕಲಿಕೆ ನಿಜವಾಗಿ ಶುರುವಾಗುವ ಹೊತ್ತಿಗೆ ಕೋರ್ಸೇ ಮುಗಿದಿರುತ್ತದೆ. ಆದರೆ ನೀವು ಸೇರಬೇಕೆಂದಿರುವ ಏರ್‌ಲೈನ್ ಸೇರಿಸಿಕೊಂಡ ಮೇಲೆ ತಾನೇ ಪೂರ್ತಿ ತರಬೇತಿ ಕೊಡುವುದಾದರೆ, ಸಾಮಾನ್ಯ ಎಂಸಿಸಿ ಸಾಕಾಗಬಹುದು. ಆ ಏರ್‌ಲೈನ್‌ಗಳ ನೇಮಕಾತಿ ಪ್ರಕಟಣೆ ಓದಿ, ಅಲ್ಲಿ ಏನು ಕೇಳಿದ್ದಾರೆ ಎಂದು ನೋಡಿಯೇ ತೀರ್ಮಾನಿಸಿ.

ಶಾಲೆಗೆ ಇಲ್ಲಿ ಎರಡು ಪ್ರಶ್ನೆ ಕೇಳಿ. ಎಪಿಎಸ್ ಮೌಲ್ಯಮಾಪನದಲ್ಲಿ ನಾನು ಪಾಸಾಗದಿದ್ದರೆ ನನ್ನ ಕೈಗೆ ಏನು ಸಿಗುತ್ತದೆ? ಹೆಚ್ಚುವರಿ ಸಿಮ್ಯುಲೇಟರ್ ಬೇಕಾದರೆ ಅದರ ಖರ್ಚು ಯಾರದು?

ಹೆಜ್ಜೆ 3: ಸಿಮ್ಯುಲೇಟರ್

ಜಾಹೀರಾತಿನಲ್ಲಿ ಮೊದಲು ಕಾಣುವುದು ಇದೇ ಫೋಟೋ. ಹೈಡ್ರಾಲಿಕ್ ಕಾಲುಗಳ ಮೇಲೆ ನಿಂತ ಬಿಳಿ ಪೆಟ್ಟಿಗೆ. ಆದರೆ ಎಂಸಿಸಿಗೆ ಅಲುಗಾಡುವ ಫುಲ್ ಫ್ಲೈಟ್ ಸಿಮ್ಯುಲೇಟರೇ ಬೇಕೆಂದು ನಿಯಮ ಹೇಳುವುದಿಲ್ಲ. ಅಲುಗಾಡದ, ಎಫ್‌ಎನ್‌ಪಿಟಿ ಟೂ ಎಂಸಿಸಿ ಎಂಬ ದರ್ಜೆಯ ಸಿಮ್ಯುಲೇಟರೂ ನಡೆಯುತ್ತದೆ. ಕಲಿಯಬೇಕಾಗಿರುವುದು ಮಾತು, ಚೆಕ್‌ಲಿಸ್ಟ್, ಕೆಲಸದ ಹಂಚಿಕೆ. ಅದಕ್ಕೆ ಅಲುಗಾಟ ಅಷ್ಟೇನೂ ಬೇಕಿಲ್ಲ. ಎ320 ಅಥವಾ ಬಿ737 ಮಾದರಿಯದ್ದಾದರೆ ಮುಂದೆ ಅನುಕೂಲ. ದರ್ಜೆಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ, ಯಂತ್ರ ಕೆಟ್ಟರೆ ಬದಲಿ ಇದೆಯೇ ಎಂದು ನೋಡಿದರೆ ಸಾಕು.

ಹೆಜ್ಜೆ 4: ಕಲಿಸುವವರು ಯಾರು?

ನಿಮ್ಮ ಹೆಚ್ಚಿನ ಸಮಯ ಈ ಪ್ರಶ್ನೆಗೇ ಹೋಗಲಿ.

ಸಿಮ್ಯುಲೇಟರ್ ಈಗಷ್ಟೇ ರನ್‌ವೇ ಬಿಟ್ಟು ಎದ್ದಿದೆ ಎಂದುಕೊಳ್ಳಿ. ಬೆಂಕಿಯ ಗಂಟೆ ಹೊಡೆದುಕೊಳ್ಳುತ್ತದೆ. ಎರಡನೇ ಎಂಜಿನ್. ಒಬ್ಬರೇ ಹಾರಿಸಿ ರೂಢಿಯಾದವರ ಕೈ ತಾನಾಗಿಯೇ ಎಂಜಿನ್ ಬಲ ಹೆಚ್ಚು ಕಡಿಮೆ ಮಾಡುವ ಲಿವರ್ ಕಡೆ ಓಡುತ್ತದೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಪೈಲಟ್ ಫ್ಲೈಯಿಂಗ್ ಆದವರು ವಿಮಾನವನ್ನು ನೇರವಾಗಿ ಏರಿಸುತ್ತಾ ಇರುತ್ತಾರೆ. ಪಕ್ಕದ ಪೈಲಟ್ ಮಾನಿಟರಿಂಗ್ ಗಂಟೆ ನಿಲ್ಲಿಸಿ, ಏನಾಗಿದೆ ಎಂದು ಓದಿ ಹೇಳುತ್ತಾರೆ. ಸಾಮಾನ್ಯವಾಗಿ 400 ಅಡಿ ದಾಟುವ ತನಕ ಚಕ್ರ ಮೇಲೆತ್ತುವುದು ಬಿಟ್ಟು ಬೇರೇನಕ್ಕೂ ಕೈ ಹಾಕುವುದಿಲ್ಲ. ಆಮೇಲೆ ಒಬ್ಬರು ಲಿವರ್ ಮೇಲೆ ಕೈಯಿಟ್ಟು, ಅಲುಗಾಡಿಸದೆ ಕೇಳುತ್ತಾರೆ: "ಥ್ರಸ್ಟ್ ಲಿವರ್ ಟೂ, ಕನ್ಫರ್ಮ್?" ಇನ್ನೊಬ್ಬರು ಕಣ್ಣಾರೆ ನೋಡಿ ಹೇಳುತ್ತಾರೆ: "ಕನ್ಫರ್ಮ್ಡ್." ಆಗ ಮಾತ್ರ ಲಿವರ್ ಹಿಂದಕ್ಕೆ ಬರುತ್ತದೆ.

ಈ ಎರಡು ಮಾತಿನ ಬೆಲೆ ಏನು ಎಂಬುದು 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಗೊತ್ತಾಯಿತು. ಟ್ರಾನ್ಸ್‌ಏಷ್ಯಾ 235, ಎಟಿಆರ್ 72 ವಿಮಾನ. ಮೇಲೇರಿದ ಕೂಡಲೇ ಎರಡನೇ ಎಂಜಿನ್ನಿನ ಪ್ರೊಪೆಲ್ಲರ್ ತಾನಾಗಿ ಫೆದರ್ ಆಗಿ, ಅಂದರೆ ಅಲಗುಗಳು ಗಾಳಿಗೆ ಅಂಚು ತೋರುವಂತೆ ತಿರುಗಿ, ಆ ಕಡೆಯ ಬಲ ಹೋಯಿತು. ಕ್ಯಾಪ್ಟನ್ ಹಿಂದಕ್ಕೆಳೆದದ್ದು ಸರಿಯಾಗಿದ್ದ ಒಂದನೇ ಎಂಜಿನ್ನನ್ನು. ಇಬ್ಬರೂ ಸೇರಿ ಖಚಿತ ಮಾಡಿಕೊಳ್ಳುವ ಕೆಲಸ ಅಲ್ಲಿ ಸರಿಯಾಗಿ ಆಗಲಿಲ್ಲ. ವಿಮಾನದಲ್ಲಿದ್ದ 58 ಜನರಲ್ಲಿ 43 ಜನ ಸತ್ತರು.

ಸಾಧಾರಣ ಇನ್‌ಸ್ಟ್ರಕ್ಟರ್ ಈ ಪಾಠದಲ್ಲಿ ನೀವು ಸರಿಯಾದ ಪದ ಹೇಳಿದಿರಾ ಎಂದಷ್ಟೇ ನೋಡುತ್ತಾರೆ. ಒಳ್ಳೆಯವರು "ಕನ್ಫರ್ಮ್ಡ್ ಎಂದಾಗ ನಿಮ್ಮ ಕಣ್ಣು ಎಲ್ಲಿತ್ತು?" ಎಂದು ಕೇಳುತ್ತಾರೆ. ಮಾನಿಟರಿಂಗ್ ಮಾಡುತ್ತಿದ್ದವರನ್ನು ಕೂರಿಸಿ, ವೇಗ ಕಡಿಮೆಯಾಗಿದ್ದು ಕಂಡರೂ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಆ ಮೌನದ ಕಾರಣ ಹುಡುಕುವುದೇ ಎಂಸಿಸಿಯ ತಿರುಳು ಎಂದು ನನ್ನ ನಂಬಿಕೆ.

ಈ ವಿದ್ಯೆ ಹುಟ್ಟಿದ್ದೂ ಒಂದು ಮೌನದಿಂದಲೇ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ 173 ವಿಮಾನದ ಕ್ಯಾಪ್ಟನ್ ಚಕ್ರದ ತೊಂದರೆಯಲ್ಲೇ ಮುಳುಗಿದ್ದರು. ಇಂಧನ ಇಳಿಯುತ್ತಿರುವುದು ಕಾಕ್‌ಪಿಟ್ಟಿನಲ್ಲಿದ್ದ ಉಳಿದಿಬ್ಬರಿಗೆ ಕಾಣುತ್ತಿತ್ತು. ಗಟ್ಟಿಯಾಗಿ ಹೇಳಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತವು, 10 ಜನ ಸತ್ತರು. ಮರುವರ್ಷ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ತರಬೇತಿ ಶುರು ಮಾಡಿತು. ಇವತ್ತು ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎಂದು ಕರೆಯುವುದರ ಬೇರು ಅಲ್ಲಿದೆ. ಎಂಸಿಸಿ ಅದರ ಮೇಲೇ ನಿಂತಿದೆ.

ಹಾಗಾಗಿ ಶಾಲೆಗೆ ಹೀಗೆ ಕೇಳಿ. ನಮಗೆ ಕಲಿಸುವವರು ಏರ್‌ಲೈನ್‌ನಲ್ಲಿ ಹಾರಿದವರೇ, ಈಗಲೂ ಹಾರುತ್ತಿದ್ದಾರಾ? ಶುರುವಿನಿಂದ ಕೊನೆಯವರೆಗೆ ಒಬ್ಬರೇ ಇರುತ್ತಾರಾ, ದಿನಕ್ಕೊಬ್ಬರು ಬರುತ್ತಾರಾ? ದಿನಕ್ಕೊಬ್ಬರಾದರೆ ಸುಮ್ನೆ ಮೊದಲ ಪಾಠವೇ ಮತ್ತೆ ಮತ್ತೆ ಆಗುವ ಅಪಾಯ ಇದೆ. ಪ್ರತಿ ಸೆಷನ್ ಆದಮೇಲೆ ಕೂತು ತಪ್ಪು ಒಪ್ಪು ಚರ್ಚಿಸುವ ಡಿಬ್ರೀಫಿಂಗ್‌ಗೆ ಎಷ್ಟು ಹೊತ್ತು? ಸೆಷನ್ನಿನ ರೆಕಾರ್ಡಿಂಗ್ ತೋರಿಸುತ್ತಾರಾ? ಹಿಂದಿನ ಬ್ಯಾಚಿನ ಒಬ್ಬಿಬ್ಬರ ಜೊತೆ ಮಾತಾಡಿಸಿ ಎಂದೂ ಕೇಳಿ. ಅವರಿಗೆ "ಕೋರ್ಸ್ ಚೆನ್ನಾಗಿತ್ತಾ?" ಎಂದು ಕೇಳಿದರೆ ಹೂಂ ಎಂದುಬಿಡುತ್ತಾರೆ. "ಡಿಬ್ರೀಫಿಂಗ್‌ನಲ್ಲಿ ಏನು ನಡೆಯುತ್ತಿತ್ತು?" ಎಂದು ಕೇಳಿ. ಉತ್ತರ ಉದ್ದವಾಗಿದ್ದರೆ ಅದು ಒಳ್ಳೆಯ ಲಕ್ಷಣ.

ಹೆಜ್ಜೆ 5: ಪಕ್ಕದ ಸೀಟಿನಲ್ಲಿ ಯಾರು?

20 ಗಂಟೆ ಎಂದರೆ ಇಬ್ಬರು ಹಂಚಿಕೊಳ್ಳುವ 20 ಗಂಟೆ. ಅರ್ಧ ಹೊತ್ತು ನೀವು ಹಾರಿಸುತ್ತೀರಿ, ಅರ್ಧ ಹೊತ್ತು ಮಾನಿಟರ್ ಮಾಡುತ್ತೀರಿ. ಹಾಗಾಗಿ ಜೊತೆಗಾರರ ಮಟ್ಟ ನಿಮ್ಮ ಕಲಿಕೆಯನ್ನು ನೇರವಾಗಿ ಮುಟ್ಟುತ್ತದೆ. ಬ್ಯಾಚ್‌ಮೇಟ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯ ದಾರಿ. ಆದರೆ ತೀರಾ ಹತ್ತಿರದ ಗೆಳೆಯರಾದರೆ ತಪ್ಪು ತೋರಿಸಲು ಸಂಕೋಚ ಬರುತ್ತದೆ, ಮಾತಾಡಿಕೊಂಡೇ ಹೋಗಿ. ಶಾಲೆಯೇ ಜೋಡಿ ಮಾಡುವುದಾದರೆ ಹೇಗೆ ಮಾಡುತ್ತಾರೆ ಎಂದು ಕೇಳಿ. ಜೊತೆಗಾರರು ನಡುವೆ ಬಿಟ್ಟುಹೋದರೆ ಆ ಸೀಟಿನಲ್ಲಿ ಯಾರು ಕೂರುತ್ತಾರೆ, ತಾರೀಕು ಮುಂದೆ ಹೋಗುತ್ತದಾ ಎಂಬುದನ್ನೂ ಕೇಳಿ.

ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಏರ್‌ಲೈನ್ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವುದು ಒಂದು, ಗಾಬರಿಯಲ್ಲಿದ್ದಾಗ ಇಂಗ್ಲಿಷಿನಲ್ಲೇ ಎದುರು ಹೇಳುವುದು ಇನ್ನೊಂದು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ಇಂಗ್ಲಿಷ್ ಮಟ್ಟದಲ್ಲಿ ಲೆವೆಲ್ 4 ಇದ್ದರೆ ಕಾಗದಕ್ಕೆ ಸಾಕು. ಅದಕ್ಕಿಂತ ಮೇಲಿದ್ದರೆ ಕೋರ್ಸಿನ ಪೂರ್ತಿ ಲಾಭ ಸಿಗುತ್ತದೆ.

ಹೆಜ್ಜೆ 6: ವೀಸಾ, ದುಡ್ಡು, ತಾರೀಕು

ಕೋರ್ಸ್ ಕೆಲವೇ ವಾರದ್ದು. ಆದರೂ ಪ್ರವಾಸಿ ವೀಸಾದಲ್ಲಿ ತರಬೇತಿ ಪಡೆಯಬಹುದೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಶಾಲೆಯಿಂದ ಪ್ರವೇಶ ಪತ್ರ ತರಿಸಿಕೊಂಡು ಆ ದೇಶದ ರಾಯಭಾರ ಕಚೇರಿಯಲ್ಲೇ ಖಚಿತಪಡಿಸಿಕೊಳ್ಳಿ. ಒಂದೇ ವೀಸಾದಲ್ಲಿ ಹಲವು ಯುರೋಪ್ ದೇಶ ಸುತ್ತಬಹುದಾದ ಷೆಂಗೆನ್ ವಲಯದಲ್ಲಿ ಐರ್ಲೆಂಡ್ ಇಲ್ಲ, ಬ್ರಿಟನ್ನೂ ಇಲ್ಲ. ಪೋಲೆಂಡ್, ಸ್ಪೇನ್, ಲಿಥುವೇನಿಯಾ ಇವೆ. ಎಂಸಿಸಿ ಒಂದು ದೇಶದಲ್ಲಿ, ಯುಪಿಆರ್‌ಟಿ ಇನ್ನೊಂದರಲ್ಲಿ ಮಾಡುವವರಿಗೆ ಎರಡು ವೀಸಾ ಬೇಕಾಗಬಹುದು.

ಪೂರ್ತಿ ಶುಲ್ಕ ಒಂದೇ ಸಲ ಕಟ್ಟಬೇಡಿ. ಪೈಲಟ್ ಶಾಲೆಗಳು ರಾತ್ರೋರಾತ್ರಿ ಬಾಗಿಲು ಮುಚ್ಚಿ, ಮುಂಗಡ ಕಟ್ಟಿದ ವಿದ್ಯಾರ್ಥಿಗಳು ಬೀದಿಗೆ ಬಿದ್ದದ್ದು ಹಲವು ದೇಶಗಳಲ್ಲಿ ಆಗಿದೆ. ಪೂರ್ತಿ ಕಟ್ಟಿದರೆ ರಿಯಾಯಿತಿ ಎಂದರೂ ಕಂತಿನಲ್ಲೇ ಕಟ್ಟಿ. ಕಾರ್ಡಿನಲ್ಲಿ ಕಟ್ಟಲು ಬಿಟ್ಟರೆ ಇನ್ನೂ ಒಳ್ಳೆಯದು. ವೀಸಾ ಸಿಗದಿದ್ದರೆ ಹಣ ವಾಪಸ್ ಬರುತ್ತದಾ ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು.

ಯಾವಾಗ ಹೋಗಬೇಕು? ಅರ್ಜಿ ಹಾಕುವ ಕಾಲ ಹತ್ತಿರ ಬಂದಾಗ. ಲೈಸೆನ್ಸ್ ಸಿಕ್ಕ ಖುಷಿಯಲ್ಲಿ ಓಡಿಹೋಗಿ ಎಂಸಿಸಿ ಮುಗಿಸಿ, ಆಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕೂತರೆ ಕಲಿತ ಕೈ ಮರೆತುಹೋಗುತ್ತದೆ. ಏರ್‌ಲೈನ್‌ನ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಅದು ಮೊದಲ ನಿಮಿಷದಲ್ಲೇ ಕಾಣುತ್ತದೆ.

ಹೆಜ್ಜೆ 7: ಹೊರಡುವ ಮುನ್ನ, ಮುಗಿದ ಮೇಲೆ

ಯಾವ ಕೆಲಸ ಯಾವ ಕ್ರಮದಲ್ಲಿ ಮಾಡಬೇಕು ಎಂದು ಹೇಳುವ ಶಾಲೆಯ ಎಸ್‌ಒಪಿ ಪುಸ್ತಕ ಮೊದಲೇ ತರಿಸಿಕೊಳ್ಳಿ. ಕಳಿಸೋದಿಲ್ಲ ಎಂದರೆ ಯಾಕೆ ಎಂದು ಕೇಳಿ. ಟೇಕಾಫ್‌ನಲ್ಲಿ ಗಟ್ಟಿಯಾಗಿ ಹೇಳಬೇಕಾದ ಕಾಲ್‌ಔಟ್‌ಗಳು, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ಗೋ ಅರೌಂಡ್‌ನ ಮಾತುಗಳು ಬಾಯಿಪಾಠ ಆಗಿರಬೇಕು. ಕಾಕ್‌ಪಿಟ್ ಚಿತ್ರವನ್ನು ಗೋಡೆಗೆ ಅಂಟಿಸಿ, ಜೊತೆಗಾರರ ಜೊತೆ ವಿಡಿಯೋ ಕರೆಯಲ್ಲಿ ಅಭ್ಯಾಸ ಮಾಡಿ. ಪದ ನೆನಪಿಸಿಕೊಳ್ಳುವುದಕ್ಕೆ ಸಿಮ್ಯುಲೇಟರ್ ಗಂಟೆ ಸುಡುವುದು ದುಬಾರಿ.

ಮುಗಿದ ದಿನ ವಿಮಾನ ಹತ್ತುವ ಮೊದಲು ಸರ್ಟಿಫಿಕೇಟ್ ಕೈಯಲ್ಲಿರಲಿ, "ಮೇಲ್ ಮಾಡ್ತೀವಿ" ಎಂಬ ಮಾತಿನ ಮೇಲೆ ಹೊರಡಬೇಡಿ. ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೇ ಇದೆಯಾ, ಮಾನ್ಯತಾ ಸಂಖ್ಯೆ ಇದೆಯಾ, ಸಿಮ್ಯುಲೇಟರಿನ ದರ್ಜೆ ಬರೆದಿದ್ದಾರಾ ನೋಡಿ. ಲಾಗ್‌ಬುಕ್ಕಿನ ಸಿಮ್ಯುಲೇಟರ್ ಗಂಟೆಗಳಿಗೆ ಇನ್‌ಸ್ಟ್ರಕ್ಟರ್ ಸಹಿ ಹಾಕಿಸಿ. ಪ್ರತಿ ಸೆಷನ್ನಿನ ಮೌಲ್ಯಮಾಪನದ ಹಾಳೆಗಳ ಪ್ರತಿ ಕೇಳಿ ಪಡೆಯಿರಿ. ಸಂದರ್ಶನಕ್ಕೆ ಹೋಗುವ ಹಿಂದಿನ ವಾರ ಆ ಹಾಳೆಗಳನ್ನು ತೆಗೆದು, ಎಲ್ಲೆಲ್ಲಿ ಕಡಿಮೆ ಅಂಕ ಬಿದ್ದಿತ್ತೋ ಅಲ್ಲಿಂದಲೇ ತಯಾರಿ ಶುರು ಮಾಡಿ.