ಬೈಗುಳಕ್ಕೂ ಒಂದು ನೋಟ್‌ಬುಕ್

ಹೊನ್ನಾಳಿ ಕಡೆ ನೆರೆ ಬರಬೇಕಾದರೆ ನಮ್ಮಲ್ಲಿ ಮಳೆ ಆಗಲೇಬೇಕು ಅಂತೇನಿಲ್ಲ. ಆಗುಂಬೆ, ಶೃಂಗೇರಿ, ತೀರ್ಥಹಳ್ಳಿ ಕಡೆ ಬಿಡದೆ ಹೊಯ್ದರೆ ಸಾಕು, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ತುಂಗಭದ್ರೆ ಗದ್ದೆಗೆ ಏರಿ ಬರುತ್ತಾಳೆ. ಮಳೆ ಕಣ್ಣಿಗೆ ಕಾಣದೆ ನೀರು ಮಾತ್ರ ಬಂದಾಗ ಜನ ಆಕಾಶವನ್ನು ಬೈಯುವುದಿಲ್ಲ. "ಯಾರೋ ಗೇಟ್ ಎತ್ತಿದ್ರು" ಅನ್ನುತ್ತಾರೆ. ಹೊಳೆ ದಂಡೆಯ ಊರುಗಳಲ್ಲಿ ಸಿಟ್ಟು ಶುರುವಾಗುವುದೇ ಇಲ್ಲಿಂದ.

ನಾನು ಹೈಸ್ಕೂಲ್ ಮೇಷ್ಟ್ರು. 2019ರ ಆಗಸ್ಟ್‌ನಲ್ಲಿ ನಮ್ಮ ಶಾಲೆ, ನೆರೆಗೆ ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ಆಯಿತು. ಮೊದಲೆಲ್ಲ ಗಂಜಿ ಕೇಂದ್ರ ಅನ್ನುತ್ತಿದ್ದರು. ಹೆಸರು ಬದಲಾಗಿದೆ, ಮೊದಲ ದಿನದ ಅನ್ನ ಸಾರು ಬದಲಾಗಿಲ್ಲ. ಬೀಗದ ಕೈ ನನ್ನ ಹತ್ತಿರ ಇತ್ತು, ಹಾಗಾಗಿ ಉಸ್ತುವಾರಿಯೂ ನನ್ನ ತಲೆಗೇ ಬಂತು.

ಆ ವರ್ಷದ ರಾಜಕೀಯ ನೆನಪಿದೆ ಅಲ್ವಾ? ಜುಲೈ 23ಕ್ಕೆ ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ ಬಿತ್ತು. 26ಕ್ಕೆ ಹೊಸ ಮುಖ್ಯಮಂತ್ರಿ ಪ್ರಮಾಣವಚನ ತಗೊಂಡರು. ಮಂತ್ರಿಗಳು ಬಂದಿದ್ದು ಆಗಸ್ಟ್ 20ಕ್ಕೆ. ನೆರೆ ಬಂದಿದ್ದು ಇವೆರಡರ ನಡುವೆ. ಒಂದು ಗುಂಪಿಗೆ "ಮಂತ್ರಿನೇ ಇಲ್ಲದ ಸರ್ಕಾರ" ಅನ್ನುವ ಮಾತು ಸಿಕ್ಕಿತು. ಇನ್ನೊಂದು ಗುಂಪಿಗೆ "ಹದಿನಾಲ್ಕು ತಿಂಗಳು ನೀವೇನು ಕಡಿದು ಕಟ್ಟೆ ಹಾಕಿದ್ರಿ" ಅನ್ನುವ ಮಾತು ಸಿಕ್ಕಿತು. ಎರಡೂ ಗುಂಪು ಮಲಗಬೇಕಾದದ್ದು ನಮ್ಮ ಒಂಬತ್ತನೇ ಕ್ಲಾಸಿನ ಒಂದೇ ಕೋಣೆಯಲ್ಲಿ, ಒಂದೇ ಜಮಖಾನೆ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಇದರಲ್ಲಿ ರಾಜಕೀಯ ಬೇಡ" ಅನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಬಹಳ ಸಲ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಕಾದವರೇ ಆ ಮಾತು ಆಡುತ್ತಾರೆ. ಮನೆ ಕಳೆದುಕೊಂಡವರು ಯಾಕೆ ಹೀಗಾಯ್ತು ಅಂತ ಕೇಳಲೇಬೇಕು. ನನಗೆ ಬೇಕಾಗಿದ್ದು ಇಷ್ಟೇ. ಆ ಪ್ರಶ್ನೆ ಊಟದ ಸಾಲಿನಲ್ಲಿ ಪಕ್ಕದವನ ಕುತ್ತಿಗೆಗೆ ಬೀಳಬಾರದು. ಉತ್ತರ ಕೊಡಬೇಕಾದವರ ಮುಂದೆ ಹೋಗಿ ನಿಲ್ಲಬೇಕು.

ಅದಕ್ಕೆ ಎರಡು ಲಾಂಗ್ ನೋಟ್‌ಬುಕ್ ತಂದೆ. ಒಂದರ ಮೇಲೆ ‘ಬೇಕು’ ಅಂತ ಬರೆದೆ, ಇನ್ನೊಂದರ ಮೇಲೆ ‘ಯಾಕೆ’ ಅಂತ. ‘ಬೇಕು’ ಪುಸ್ತಕ ಸುಲಭ. ಬಿಪಿ ಮಾತ್ರೆ, ಮಗುವಿಗೆ ಹಾಲು, ಎಮ್ಮೆಗೆ ಮೇವು, ಹೆಣ್ಣುಮಕ್ಕಳಿಗೆ ಪ್ಯಾಡ್, ಬಚ್ಚಲಿಗೆ ಬಾಗಿಲು. ಬೆಳಿಗ್ಗೆ ಸಂಜೆ ಗ್ರಾಮ ಲೆಕ್ಕಿಗರು ಅದನ್ನು ನೋಡಿಕೊಂಡು ಹೋಗುತ್ತಿದ್ದರು. ‘ಯಾಕೆ’ ಪುಸ್ತಕ ಬೈಗುಳಕ್ಕೆ. ಯಾರು ಯಾರನ್ನು ಬೈದರೂ ಅವರ ಮಾತಿನಲ್ಲೇ ಬರೆಯುವುದು, ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಒಂದೇ ಷರತ್ತು: ಎಲ್ಲಿ, ಎಷ್ಟೊತ್ತಿಗೆ ಅನ್ನೋದು ಹೇಳಬೇಕು. "ಅವನು ಕಳ್ಳ" ಅಂದರೆ ಬರೆಯುವುದಿಲ್ಲ. "ನಮ್ಮ ಕೇರಿ ಪರಿಹಾರದ ಪಟ್ಟಿ ಯಾರು ಬರೆದದ್ದು, ಯಾವತ್ತು ಬಂದಿದ್ರು" ಅಂದರೆ ಬರೆಯುತ್ತೇನೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಒಬ್ಬ ಯಜಮಾನರು ತಟ್ಟೆ ಸರಿಸಿ ಎದ್ದು ನಿಂತರು. "ಅವರ ಪಕ್ಷಕ್ಕೆ ಓಟ್ ಹಾಕಿದ ಕೇರಿಗೆ ಹಗಲೇ ಟ್ರ್ಯಾಕ್ಟರ್ ಬಂತು, ನಾವು ಕತ್ತಲಾದ ಮೇಲೆ ಎದೆಮಟ್ಟ ನೀರಲ್ಲಿ ಬಂದ್ವಿ" ಅಂದರು. ಆ ಕಡೆಯಿಂದಲೂ ನಾಲ್ಕು ಜನ ಎದ್ದರು. ನಾನು ಪುಸ್ತಕ ತಗೊಂಡು ಅವರ ಪಕ್ಕ ಹೋಗಿ ಕೂತೆ.

"ಹೇಳ್ರಿ ಯಜಮಾನ್ರೇ, ಬರ್ಕೊಳ್ತೀನಿ. ನಿಮ್ಮ ಕೇರಿಗೆ ಟ್ರ್ಯಾಕ್ಟರ್ ಎಷ್ಟೊತ್ತಿಗೆ ಬಂತು?"

"ರಾತ್ರಿ ಬಂತು."

"ರಾತ್ರಿ ಅಂದ್ರೆ? ದೀಪ ಹಚ್ಚೋ ಹೊತ್ತಾ, ಅದಾದ ಮೇಲಾ?"

"ಎಮ್ಮೆ ಕರೆದಾಗಿತ್ತು."

"ಯಾವ ದಾರೀಲಿ ಬಂತು?"

ಅಲ್ಲಿ ಅವರು ಸ್ವಲ್ಪ ತಡೆದರು. ಸಾರು ಬಡಿಸುತ್ತಿದ್ದ ಹೆಣ್ಣುಮಗಳೊಬ್ಬಳು, "ಹಳ್ಳದ ಮೋರಿ ಮೇಲೆ ನೀರು ಬಂದಿತ್ತು ಕಣಣ್ಣ, ತೋಟದ ದಾರಿ ಸುತ್ಹಾಕ್ಕೊಂಡು ಬಂತು" ಅಂದಳು. ಎದುರು ನಿಂತಿದ್ದವರಲ್ಲೇ ಒಬ್ಬ, "ಆ ಮೋರಿ ಎತ್ತರಿಸಿ ಅಂತ ನಾವೂ ಅರ್ಜಿ ಕೊಟ್ಟಿದ್ವಲ್ಲ" ಅಂದ. ಪುಸ್ತಕಕ್ಕೆ ಬಂದಿದ್ದು ಹೀಗೆ: "ಕೆಳಗಿನ ಕೇರಿಗೆ ಟ್ರ್ಯಾಕ್ಟರ್ ತಡ ಆಯ್ತು, ಯಾಕೆ? ಮೋರಿ ಎತ್ತರಿಸುವ ಅರ್ಜಿ ಎಲ್ಲಿ ಹೋಯ್ತು?" ಓಟಿನಿಂದ ಶುರುವಾದ ಜಗಳ ಮೋರಿಗೆ ಬಂದು ನಿಂತಿತು. ಯಜಮಾನರು ಸಹಿ ಹಾಕಿದರು. ಸಿಟ್ಟೇನೂ ಇಳಿದಿರಲಿಲ್ಲ, ಆದರೆ ಕೂತು ಊಟ ಮಾಡಿದರು.

ಬರೆದುಕೊಳ್ಳುವುದರಲ್ಲಿ ದೊಡ್ಡ ಜಾಣತನ ಏನಿಲ್ಲ. ಬರೆಯುವವನ ಕೈ ನಿಧಾನ, ಹೇಳುವವರು ಅದಕ್ಕೆ ಕಾಯಬೇಕಾಗುತ್ತದೆ. ಆಮೇಲೆ ನಾಳೆ ಯಾರಾದರೂ ಓದುತ್ತಾರೆ ಅಂತ ಗೊತ್ತಾದರೆ ಜನ ತಾವೇ ಸುಳ್ಳನ್ನು ಬಿಟ್ಟು ನಿಜ ಹೇಳುತ್ತಾರೆ.

ಅಣೆಕಟ್ಟಿನ ವಿಷಯಕ್ಕೆ ಬರೋಣ. ತುಂಗಾ ನದಿಗೆ ಇರುವುದು ಗಾಜನೂರು ಅಣೆಕಟ್ಟು. ಅದರಲ್ಲಿ ಹಿಡಿಯುವುದು 3.24 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಭದ್ರೆಗೆ ಲಕ್ಕವಳ್ಳಿಯಲ್ಲಿರುವುದು 71.5 ಟಿಎಂಸಿಯದ್ದು, 186 ಅಡಿ ಆಗುವವರೆಗೂ ತಡೆದುಕೊಳ್ಳುತ್ತದೆ. ಎರಡೂ ಹೊಳೆ ಕೂಡಲಿಯಲ್ಲಿ ಸೇರಿ ನಮ್ಮ ಕಡೆ ಬರುತ್ತವೆ, ನಮ್ಮನ್ನು ದಾಟಿ ಹರಿಹರಕ್ಕೆ ಹೋಗುತ್ತವೆ. ಮಳೆಗಾಲದಲ್ಲಿ ಗಾಜನೂರು ಅಂದರೆ ನಲ್ಲಿ ಕೆಳಗಿಟ್ಟ ಲೋಟ. ತುಂಬಿದ ಮೇಲೆ ಮೇಲಿಂದ ಬಂದಷ್ಟೂ ಹೊರಗೆ. ಅಲ್ಲಿ ಗೇಟ್ ಎತ್ತದೆ ಇರುವುದು ಯಾವ ಪಕ್ಷದ ಕೈಯಲ್ಲೂ ಇಲ್ಲ. ಹಾಗಾದರೆ ಕೇಳುವುದಕ್ಕೆ ಏನೂ ಇಲ್ಲವಾ? ಇದೆ. ಇಷ್ಟು ಕ್ಯುಸೆಕ್ ಬಿಡ್ತಾರೆ ಅನ್ನೋದು ನಮ್ಮ ಊರಿಗೆ ಎಷ್ಟೊತ್ತಿಗೆ ಗೊತ್ತಾಯ್ತು, ಯಾರು ಹೇಳಬೇಕಿತ್ತು, ಡಂಗುರ ಕೆಳಗಿನ ಕೇರಿವರೆಗೂ ಹೋಯ್ತಾ? ‘ಯಾಕೆ’ ಪುಸ್ತಕದಲ್ಲಿ ಗೇಟಿನ ಬಗ್ಗೆ ಬಂದ ಬೈಗುಳವೆಲ್ಲ ಕೊನೆಗೆ ಈ ಪ್ರಶ್ನೆಗಳಾಗಿ ಉಳಿದವು.

ಆದರೆ ಈ ಲೆಕ್ಕವನ್ನು ಯಾರಿಗೆ ಯಾವಾಗ ಹೇಳಬೇಕು ಅನ್ನುವ ಅಂದಾಜು ಇರಬೇಕು. ಕರೆಯುವ ಎಮ್ಮೆ ಕಣ್ಣೆದುರೇ ತೇಲಿಹೋದವರ ಮುಂದೆ ಟಿಎಂಸಿ ಮಾತಾಡಿದರೆ ಕಪಾಳಕ್ಕೆ ಬೀಳುತ್ತದೆ, ಬೀಳಲೂಬೇಕು. ಕೇಳಿದವರಿಗೆ ಮಾತ್ರ ಹೇಳುತ್ತಿದ್ದೆ. ಕಪ್ಪು ಹಲಗೆ ಮೇಲೆ ಎರಡು ಹೊಳೆ ಗೆರೆ ಎಳೆದು, ಎರಡು ಸಂಖ್ಯೆ ಬರೆದು ಹಾಗೇ ಬಿಟ್ಟಿದ್ದೆ. ನೋಡಿದವರು ತಾವಾಗಿ ಬಂದು ಕೇಳುತ್ತಿದ್ದರು.

ಮುಖಂಡರ ಕಿಟ್‌ಗಳದ್ದು ಬೇರೆಯೇ ತಲೆನೋವು. ಚೀಲದ ಮೇಲೆ ಇಷ್ಟಗಲ ಫೋಟೋ. ಒಬ್ಬರದು ಬಂದರೆ ಇನ್ನೊಬ್ಬರ ಹುಡುಗರು ಹಲ್ಲು ಕಡಿಯುತ್ತಾರೆ. ನಾವು ಯಾರದ್ದನ್ನೂ ಬೇಡ ಅನ್ನಲಿಲ್ಲ. ಅಕ್ಕಿ, ಬೇಳೆ, ಮಂಡಕ್ಕಿ ಎಲ್ಲ ಬಂದ ಕೂಡಲೇ ಅಡುಗೆ ಕೋಣೆಯ ಡ್ರಮ್ಮಿಗೆ ಸುರಿಯುವುದು, ಖಾಲಿ ಚೀಲ ವಾಪಸ್. "ಫೋಟೋ ಗೇಟ್ ಹತ್ರ ತೆಗೆಸ್ಕೊಳ್ಳಿ ಸಾರ್, ಊಟದ ಸಾಲಲ್ಲಿ ಬೇಡ" ಅಂದರೆ ಹೆಚ್ಚಿನವರು ಒಪ್ಪಿದರು. ಡ್ರಮ್ಮಿನೊಳಗಿನ ಅಕ್ಕಿಗೆ ಪಕ್ಷ ಹುಡುಕುವುದು ಕಷ್ಟ.

ನಿಜವಾದ ಬೆಂಕಿ ಹತ್ತುವುದು ನೀರಿಳಿದ ಮೇಲೆ, ಪರಿಹಾರದ ಪಟ್ಟಿ ಬಂದಾಗ. ಆ ಸಲ ನೀರು ನುಗ್ಗಿದ ಮನೆಯ ಕುಟುಂಬಕ್ಕೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಘೋಷಿಸಿತ್ತು. ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಬೇಕಿತ್ತು. ಮುಕ್ಕಾಲು ಪಾಲಿಗಿಂತ ಜಾಸ್ತಿ ಹಾಳಾಗಿದ್ದರೆ ಎ. ಮುಕ್ಕಾಲು ಅನ್ನೋದನ್ನು ಯಾರು ಅಳೆಯುತ್ತಾರೆ? ಇನ್ನು ಒಂದೇ ಸೂರು, ಅಣ್ಣ ತಮ್ಮ, ಎರಡು ಒಲೆ, ರೇಷನ್ ಕಾರ್ಡ್ ಒಂದು. ಅದು ಒಂದು ಕುಟುಂಬವೋ ಎರಡೋ? ಇಂಥ ಕಡೆ ಅಧಿಕಾರಿ ಏನೇ ಬರೆದರೂ ಯಾರಿಗೋ ಲಂಚದ ವಾಸನೆ ಬರುತ್ತದೆ.

ಇದಕ್ಕಿಂತ ದೊಡ್ಡದು ಮಣ್ಣಿನ ಗೋಡೆಯ ಸಮಸ್ಯೆ. ನಮ್ಮ ಕಡೆ ಹಳೇ ಮನೆಗಳು ಬಹಳ ಸಲ ನೀರಲ್ಲಿ ನಿಂತಿದ್ದಾಗ ಬೀಳುವುದಿಲ್ಲ. ನೀರಿಳಿದು ಗೋಡೆ ಒಣಗುತ್ತಾ ಬಿರುಕು ಬಿಟ್ಟು, ದಿನಗಳಾದ ಮೇಲೆ ದಬ್ಬನೆ ಕೂರುತ್ತವೆ. ಅಷ್ಟರಲ್ಲಿ ಜಂಟಿ ಸಮೀಕ್ಷೆಯವರು ಬಂದು "ಗೋಡೆ ನಿಂತಿದೆ" ಅಂತ ಬರೆದುಕೊಂಡು ಹೋಗಿರುತ್ತಾರೆ. ಮನೆ ಬಿದ್ದವನಿಗೆ ದುಡ್ಡಿಲ್ಲ. ಪಕ್ಕದವನಿಗೆ ಬಂದಿದೆ. ಪಕ್ಕದವನು ಇನ್ನೊಂದು ಪಕ್ಷ. ಕಥೆ ತಾನಾಗೇ ಹೆಣೆದುಕೊಳ್ಳುತ್ತದೆ.

ಹತ್ತನೇ ಕ್ಲಾಸಿನ ಹುಡುಗರನ್ನು ಜೊತೆಗಿಟ್ಟುಕೊಂಡು ನೀರು ನಿಂತಿದ್ದ ಪ್ರತಿ ಮನೆಗೂ ಹೋದೆವು. ಗೋಡೆ ಮೇಲೆ ಕೆಸರಿನ ಗೆರೆ ಇರುತ್ತದಲ್ಲ, ಅದಕ್ಕೆ ಶಾಲೆಯ ಮೀಟರ್ ಕಡ್ಡಿ ಹಿಡಿಸಿದೆವು. ಮನೆಯ ಯಜಮಾನತಿ ಕೈಗೆ ಸ್ಲೇಟು ಕೊಟ್ಟು, ಅದರಲ್ಲಿ ಹೆಸರು, ತಾರೀಕು, ಗೋಡೆ ಮಣ್ಣಿನದೋ ಇಟ್ಟಿಗೆಯದೋ ಅಂತ ಬರೆಸಿ ಫೋಟೋ ತೆಗೆದೆವು. ಒಬ್ಬ ಅಜ್ಜಿ ಸ್ಲೇಟು ಎದೆಗವಚಿಕೊಂಡು, "ಸಾಲಿಗೆ ಸೇರ್ಸಿದಂಗಾತಲ್ಲೋ ಮೇಷ್ಟ್ರೇ" ಅಂತ ನಕ್ಕಿದ್ದಳು. ಆಮೇಲೆ ಗೋಡೆ ಬಿದ್ದವರು ಈ ಫೋಟೋ, ಬಿದ್ದ ಮೇಲಿನ ಫೋಟೋ ಎರಡೂ ಹಚ್ಚಿ ಮತ್ತೆ ಅರ್ಜಿ ಕೊಟ್ಟರು. ಎಲ್ಲರದ್ದೂ ಪಾಸಾಗಲಿಲ್ಲ. ಆದರೆ ಜಗಳ ಪಕ್ಕದ ಮನೆ ಜೊತೆ ಆಗಲಿಲ್ಲ, ತಾಲ್ಲೂಕು ಕಚೇರಿ ಜೊತೆ ಆಯಿತು.

ಪಟ್ಟಿಯನ್ನು ಸಂಜೆ ಶಾಲೆಯ ಮೈಕಿನಲ್ಲಿ ಓದುತ್ತಿದ್ದೆವು. ಪಟ್ಟಿಯಲ್ಲಿರುವವರದ್ದೂ, ಬಿಟ್ಟುಹೋಗಿದೆ ಅಂತ ಬರೆಸಿದವರದ್ದೂ. ಯಾವುದೋ ಹೆಸರು ಬಂದಾಗ "ಅದು ಮನೆಯಲ್ಲ ಬಿಡ್ರಿ, ದನದ ಕೊಟ್ಟಿಗೆ" ಅಂತ ಯಾರೋ ಕೂಗುತ್ತಾರೆ. ಆ ಹೊತ್ತಿಗೆ ಅದನ್ನು ಎತ್ತಿಕೊಳ್ಳಬಾರದು. ಮುಂದಿನ ಹೆಸರು ಓದಬೇಕು. ಬೆಳಿಗ್ಗೆ ಒಬ್ಬರೇ ಹೋಗಿ ಕೊಟ್ಟಿಗೆಯವರ ಹತ್ತಿರ ಮಾತಾಡಿದರೆ ಮಾನ ಉಳಿಯುತ್ತದೆ, ಅವರೇ ಹೆಸರು ತೆಗೆಸುತ್ತಾರೆ. ಮೈಕಿನಲ್ಲಿ ಮಾನ ತೆಗೆದರೆ ಮುಂದಿನ ಪಂಚಾಯಿತಿ ಚುನಾವಣೆವರೆಗೂ ಹಗೆ.

ಶಾಲೆ ಮತ್ತೆ ಶುರುವಾದ ಮೇಲೆ ‘ಯಾಕೆ’ ಪುಸ್ತಕವನ್ನು ಶುದ್ಧ ಪ್ರತಿ ಮಾಡಿ ಪಂಚಾಯಿತಿಗೆ ಕೊಟ್ಟೆವು, ಸ್ವೀಕೃತಿ ತಗೊಂಡೆವು. ಗ್ರಾಮಸಭೆಯಲ್ಲಿ ಒಂದೊಂದೇ ಓದಿದರು. ಬರೆಸಿದವರಲ್ಲಿ ಕೆಲವರು, "ನಂದು ಬಿಡಿ, ಅವತ್ತು ಸಿಟ್ಟಲ್ಲಿ ಹೇಳಿದ್ದೆ" ಅಂದರು. ಉಳಿದವರು ಬಿಡಲಿಲ್ಲ. ಮುನ್ಸೂಚನೆ ವಿಷಯಕ್ಕೆ ಉತ್ತರ ಸಿಕ್ಕಿತು. ಮೇಲಿಂದ ಸುದ್ದಿ ಬಂದಿತ್ತು, ಆದರೆ ಕರೆಂಟ್ ಹೋಗಿ ಊರಿನ ಫೋನ್‌ಗಳೆಲ್ಲ ಆರಿದ್ದವು. ಈಗ ಗುಡಿಯ ಮೈಕಿಗೂ ಮಸೀದಿಯ ಮೈಕಿಗೂ ಬ್ಯಾಟರಿ ಇದೆ. ನೀರು ಬಿಟ್ಟರೆ ಎರಡರಲ್ಲೂ ಕೂಗಬೇಕು ಅಂತ ಠರಾವಾಗಿದೆ.

ಮೋರಿ ಇನ್ನೂ ಹಾಗೇ ಇದೆ. ಎಸ್ಟಿಮೇಟ್ ಆಗಿದೆ ಅನ್ನುತ್ತಾರೆ, ದುಡ್ಡಿಲ್ಲ ಅನ್ನುತ್ತಾರೆ. ಆ ಪುಟದ ಜೆರಾಕ್ಸ್ ಊರಲ್ಲಿ ಬಹಳ ಜನರ ಹತ್ತಿರ ಇದೆ. ಓಟು ಕೇಳಲು ಯಾವ ಪಕ್ಷದವರು ಬಂದರೂ ಮೊದಲು ಅದನ್ನೇ ಕೈಗೆ ಕೊಡುತ್ತಾರೆ, ಅದೂ ಎರಡೂ ಕೇರಿಯವರು ಒಟ್ಟಿಗೇ ನಿಂತು. ನಾನು ಸರ್ಕಾರಿ ನೌಕರ, ಅಲ್ಲಿ ನಿಲ್ಲುವಂತಿಲ್ಲ. ಜೆರಾಕ್ಸ್ ಖರ್ಚು ಮಾತ್ರ ನನ್ನದು.